ಲಾವಣಿ ಮುಗಿದ ವಿಮಾನ

ಮಾರ್ಚ್ 31, ಮಂಗಳವಾರ. ಬಾಗಲಕೋಟಿ.

ಇವತ್ತ ಒಂದು ವಿಮಾನ ಲೆಕ್ಕದಿಂದ ತಗದು ಹಾಕಿದೆ. ಬಾಡಿಗಿ ಕರಾರು ಮುಗೀತು, ವಿಮಾನ ಕಂಪನಿ ಅದನ್ನ ಮಾಲಕರಿಗೆ ವಾಪಸ್ ಕೊಟ್ಟೈತಿ. ನಾ ಒಂದು ದಿನಾನೂ ಅದರಾಗ ಕುಂತಾಕಿ ಅಲ್ಲ. ಆದ್ರೂ ಆ ಕಂಪನಿ ಲೆಕ್ಕಾ ಬರಿಯೂ ಈ ಆಫೀಸಿಗೆ ಸೇರಿದಾಗಿಂದ ತಿಂಗಳಾ ಅದರ ನಂಬರ ಬರೀತಿದ್ದೆ. ಕರಾರು ಇರೂತನಕ ವಿಮಾನ ಆಸ್ತಿ ಅಂತ ಒಂದು ಕಡೆ, ಮುಂದ ಕೊಡಬೇಕಾದ ಬಾಡಿಗಿ ಎಲ್ಲಾ ಸಾಲ ಅಂತ ಇನ್ನೊಂದು ಕಡೆ. ಇವತ್ತ ಎರಡೂ ಕಡೆ ಸೊನ್ನಿ.

ಸಂಜಿಗೆ ಕಲಾದಗಿಯಿಂದ ಅಬ್ಬಾ ಬಂದಿದ್ರು. ಹೇಳಿದೆ.

"ವಿಮಾನಾನೂ ಲಾವಣಿ ಹಿಡೀತಾರೇನ?"

"ಹೂಂ ಅಬ್ಬಾ. ನೀವು ವರ್ಷಾ ಮಾಲಕರಿಗೆ ರೊಕ್ಕಾ ಕೊಟ್ಟು ಚಿಕ್ಕು ತೋಟ ಹಿಡಿದಿದ್ರಲ್ಲ, ಹಂಗ."

ಹೋದ ಯುಗಾದಿಗೆ ತೋಟದ ಲಾವಣಿ ಮುಗೀತು, ಮಾಲಕರ ಮಕ್ಕಳು ತಾವ ಮಾಡ್ತೇವಿ ಅಂದ್ರು. ಬಿಟ್ಟುಕೊಡೂ ದಿನಾನೂ ಅಬ್ಬಾ ಗಿಡಕ್ಕ ನೀರು ಹಾಸಿ ಬಂದ್ರು. ಆ ಗಿಡದ ನೆಳ್ಳಾಗ ಕುಂತ ನಾ ಸಾಲಿ ಅಭ್ಯಾಸ ಮಾಡಿದ್ದು. ಕೈಗೆ ಅಂಟಿದ ಕಾಯಿ ಹಾಲು, ಹುಲ್ಲಾಗ ಮಾಗೂ ಹಣ್ಣಿನ ವಾಸನಿ. ಈಗ ಬಸ್ಸಿನ್ಯಾಗ ಹೋಗುಮುಂದ ಬೇಲಿ ಅಷ್ಟ ಕಾಣತೈತಿ. ಇಳೀಬೇಕು ಅನಸತೈತಿ. ಯಾರ ತೋಟ ಅಂತ ಇಳೀಲಿ?

ಹೊಂಟಾಗ ಅಬ್ಬಾ ಒಂದು ಚೀಲ ಚಿಕ್ಕು ಕೈಗೆ ಕೊಟ್ಟರು. ಸಂತ್ಯಾಗ ಆ ತೋಟದ ಹಣ್ಣ ಹುಡುಕಿ, ರೊಕ್ಕಾ ಕೊಟ್ಟು ತಂದದ್ದು.

"ತಿನ್ನು ಬೇಟಾ. ನಮ್ಮ ತೋಟದ್ದು."

ಲೆಕ್ಕದಾಗ ಹಂಗ ಬರಿಯಾಕ ಬರೂದಿಲ್ಲ. "ಹೌದು ಅಬ್ಬಾ, ನಮ್ಮ ತೋಟದ್ದ" ಅಂದೆ.

ಈಗ ಒಂದು ತಿಂದೆ. ಬೀಜ ಚೆಲ್ಲಾಕ ಮನಸ್ಸು ಬರವಲ್ದು, ಎಡಗೈ ಮುಷ್ಟ್ಯಾಗ ಹಂಗ ಹಿಡಕೊಂಡ ಇದನ್ನ ಬರಿಯಾಕತ್ತೀನಿ.