ಆಷಾಢದ ಬೋನಸ್ಸು

ಅರಕೆರೆ,
ಜುಲೈ ೨೯

ಆಡಿಟರ್ ರಂಜಿತ ಮೇಡಂ ಅವರಿಗೆ, ಅಕ್ಕಿ ಗಿರಣಿ ಚಲುವರಾಜು ಮಾಡುವ ನಮಸ್ಕಾರ.

ಆಳುಗಳಿಗೆ ಕೊಡಬೇಕಾದ ಹೋದ ವರ್ಷದ ಬೋನಸ್ಸನ್ನು ನಾನು ಮಾರ್ಚ್ ಕೊನೆಯಲ್ಲೇ ಖರ್ಚಿಗೆ ಬರೆದಿದ್ದೆ. ನೀವು ಅದನ್ನು ಹೊಡೆದುಹಾಕಿದಿರಿ. ತೆರಿಗೆ ರಿಟರ್ನ್ ಹಾಕುವ ಕೊನೆಯ ದಿನದೊಳಗೆ, ಅಂದರೆ ಈ ಜುಲೈ ೩೧ರೊಳಗೆ, ಅವರ ಕೈಗೆ ಕೊಟ್ಟರೆ ಮಾತ್ರ ಹೋದ ವರ್ಷದ ಖರ್ಚು, ಬರೆದಿಟ್ಟರೆ ಸಾಲದು ಅಂದಿರಿ. ನಮ್ಮಲ್ಲಿ ಬೋನಸ್ಸು ಕೊಡುವುದು ಆಯುಧಪೂಜೆಗೆ, ಗಿರಣಿಯ ಮುಂದೆ ಬೂದುಗುಂಬಳ ಒಡೆದ ಮೇಲೆ. ಈ ಮಾತನ್ನು ಯುಗಾದಿಯಲ್ಲೇ ಹೇಳಿದ್ದರೆ ಏನಾದರೂ ಮಾಡುತ್ತಿದ್ದೆ. ನೀವು ಹೇಳಿದ್ದು ಆಷಾಢದಲ್ಲಿ.

ಆದರೂ ನಿನ್ನೆ ಬೋನಸ್ಸಿನ ಕವರು ಹಿಡಿದುಕೊಂಡು ಆಳುಗಳ ಹತ್ತಿರ ಹೋದೆ. ಎಲ್ಲರಿಗಿಂತ ಹಳಬಳಾದ ಕುಳ್ಳಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಆಸಾಡದಲ್ಲಿ ಈಸ್ಕಂಡ್ರೆ ಏಳ್ಗೆ ಆಗಕಿಲ್ಲ ಕಣಪ್ಪ. ಅಬ್ಬಕ್ಕೇ ಕೊಡು. ನೀನು ಕೊಡ್ತೀನಿ ಅಂದ್ಮೇಲೆ ಕೊಟ್ಟಂಗೇ ಅಲ್ವಾ?"

ಅವಳು ಬೇಡವೆಂದ ಮೇಲೆ ಉಳಿದವರೂ ಮುಟ್ಟಲಿಲ್ಲ. ದುಡ್ಡು ಮುಟ್ಟಿತೆಂದು ಸುಮ್ಮನೆ ಸಹಿಯಾದರೂ ಹಾಕಿಸಿ ಎಂದು ನಿಮ್ಮ ಗುಮಾಸ್ತ ಫೋನಿನಲ್ಲಿ ಹೇಳಿದ. ಕೊಡದೆ ನಾನು ಯಾರ ಹೆಬ್ಬೆಟ್ಟನ್ನೂ ಒತ್ತಿಸುವುದಿಲ್ಲ.

ಚಲನ್ ಕಳಿಸಿ, ಆ ಖರ್ಚು ಬಿಟ್ಟಿದ್ದಕ್ಕೆ ಬರುವ ಹೆಚ್ಚಿನ ತೆರಿಗೆಯನ್ನೂ ಸೇರಿಸಿ ನಾಡಿದ್ದರೊಳಗೆ ಕಟ್ಟುತ್ತೇನೆ. ನಿಮ್ಮ ಫೀಸನ್ನು ಆಯುಧಪೂಜೆಗೆ ಕೊಡುತ್ತೇನೆ. ಕೊಡ್ತೀನಿ ಅಂದ್ಮೇಲೆ ಕೊಟ್ಟಂಗೇ.

ಇಂತಿ,
ಚಲುವರಾಜು