ಅಕ್ಕ ಮಾಡಿಸಿದ ಕಪಾಟು

ಫೆಬ್ರವರಿ 5, ಗುರುವಾರ

ಇವತ್ತೂ ಲೆನ್ಸ್ ತಿಕ್ಕಿದ್ದೇ ಕೆಲಸ. ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಮೆಷಿನ್ನಿನ ಗುಂಯ್ ಸದ್ದು, ಉಗುರು ಸಂದಿಯಲ್ಲೆಲ್ಲ ಬಿಳಿ ಕೆಸರು. ಮಾಲೀಕರು ಶನಿವಾರ ರಜೆ ಕೊಟ್ಟರು. ಇನ್ನು ಒಪ್ಪಬೇಕಾದ್ದು ಅಕ್ಕ.

ಊಟಕ್ಕೆ ಕೂತಾಗ ಹೇಳಿದೆ. ಕಾಮಿಕ್ಸ್ ಸಂಗ್ರಹಿಸುವವರ ಮೇಳ, ಬಸ್ಸಿನಲ್ಲಿ ಒಂದು ಬೆಳಗಿನ ದಾರಿ, ಅವತ್ತೇ ವಾಪಸ್.

"ತಲೆ ಬೆಳ್ಳಗಾಗ್ತಾ ಬಂತು. ಚಿತ್ರದ ಪುಸ್ತಕಕ್ಕೆ ಮೇಳ ಬೇರೆ ಕೇಡು."

ಎದ್ದು ಹೋಗಿ ಹೊಲಿಗೆ ಮೆಷಿನ್ ತುಳಿಯತೊಡಗಿದಳು. ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಮುಂದಿನ ಕೋಣೆ ತುಂಬ ನೀಲಿ ಬಟ್ಟೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದ್ದು, ಸಾಕಿದ್ದು ಆ ಮೆಷಿನ್ನೇ. ಅದನ್ನು ಅವಳು ಯಾವತ್ತೂ ಬಾಯಿಬಿಟ್ಟು ಆಡಿಲ್ಲ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು.

ಮಲಗುವ ಮುಂಚೆ ಬಂದು ಬಾಗಿಲಲ್ಲಿ ನಿಂತಳು. "ತಲುಪಿದ ತಕ್ಷಣ ಫೋನ್ ಮಾಡು. ಆಮೇಲೂ ಮಾಡ್ತಾ ಇರು."

ಅಂದರೆ ಪರ್ಮಿಷನ್ ಸಿಕ್ಕಿತು.

ಫೆಬ್ರವರಿ 6

ಮಂಚದ ಕೆಳಗಿನ ಟ್ರಂಕ್ ತೆಗೆದು ನೋಡಿದೆ. 'ಸುರಂಗ ಸರದಾರ' ಪೂರ್ತಿ ಇದೆ, ಹದಿನೇಳನೇ ಸಂಚಿಕೆ ಒಂದು ಬಿಟ್ಟು. ನಾಳೆ ಹುಡುಕಬೇಕಾದ್ದು ಅದನ್ನೇ.

ಈ ಹುಚ್ಚು ಹಿಡಿಸಿದ್ದು ಭಾವ. ಪಿನ್ನಿಗೆ ತುಕ್ಕು ಹಿಡಿದಿದೆಯಾ ನೋಡುವುದು, ಬೆನ್ನು ಮುರಿಯದ ಹಾಗೆ ಪುಟ ತಿರುಗಿಸುವುದು, ಪ್ಲಾಸ್ಟಿಕ್ ಕವರಿನೊಳಗೆ ರಟ್ಟು ಇಡುವುದು, ಎಲ್ಲಾ ಅವರೇ ಕಲಿಸಿದ್ದು. ಒಂದು ದಿನ ಕೆಲಸಕ್ಕೆಂದು ಹೋದವರು ವಾಪಸ್ ಬರಲಿಲ್ಲ. ಅವರ ಪುಸ್ತಕಗಳನ್ನೆಲ್ಲ ಅಕ್ಕ ಗುಜರಿಯವನಿಗೆ ತೂಕಕ್ಕೆ ಹಾಕಿದಳು. ಅವತ್ತಿನಿಂದ ಈ ಮನೆಯಲ್ಲಿ ಅವರ ಸುದ್ದಿ ಎತ್ತುವಂತಿಲ್ಲ. ನನ್ನ ಪುಸ್ತಕ ಟ್ರಂಕಿನಿಂದ ಹೊರಗೆ ಬರುವಂತಿಲ್ಲ.

ಫೆಬ್ರವರಿ 7, ಶನಿವಾರ, ಬೆಳಿಗ್ಗೆ

ಕ್ಯೂನಲ್ಲಿ ನಿಂತು ಬರೆಯುತ್ತಿದ್ದೇನೆ. ಒಳಾಂಗಣ ಸ್ಟೇಡಿಯಂ. ಬಾಸ್ಕೆಟ್‌ಬಾಲ್ ರಿಂಗಿಗೇ ಬ್ಯಾನರ್ ಕಟ್ಟಿದ್ದಾರೆ. ನನ್ನ ಮುಂದಿರುವ ದಪ್ಪ ಮನುಷ್ಯ ಸರದಾರನ ವೇಷ ಹಾಕಿಕೊಂಡು ಬಂದಿದ್ದಾನೆ, ಹೆಗಲಿಗೆ ರಟ್ಟಿನ ಗುದ್ದಲಿ. ಗೇಟಿನಲ್ಲಿ ತೂರಲಾಗದೆ ಅಡ್ಡಡ್ಡ ತಿರುಗಿದ. ಹಿಂದಿನಿಂದ ಯಾರೋ: "ಸುರಂಗ ತೋಡ್ಕೊಂಡು ಹೋಗಿ ಸಾರ್!" ಎಲ್ಲರೂ ನಕ್ಕರು. ಅವನೂ ನಕ್ಕ. ನಾನೂ... ಎಷ್ಟು ದಿನವಾಗಿತ್ತು ಹೀಗೆ ಜೋರಾಗಿ ನಕ್ಕು.

ಅಕ್ಕನ ಫೋನ್, ಆಗಲೇ ಎರಡು ಸಲ.

ಅದೇ ದಿನ, ಬಸ್ಸಿನಲ್ಲಿ

ಕುಲುಕಾಟದಲ್ಲೇ ಬರೆಯುತ್ತಿದ್ದೇನೆ, ಮನೆ ತಲುಪುವ ಮುಂಚೆ.

ಮೂಲೆಯ ಸ್ಟಾಲಿನಲ್ಲಿ ಮೊದಲು ಕಂಡದ್ದು ಕೈ. ಪುಸ್ತಕವನ್ನು ಅಂಗೈ ಮೇಲೆ ಮಲಗಿಸಿ, ಹೆಬ್ಬೆರಳ ತುದಿಯಿಂದ ಮಾತ್ರ ಪುಟ ಎತ್ತುವುದು. ನಾನೂ ಹಾಗೇ ಹಿಡಿಯುವುದು. ತಲೆಯೆತ್ತಿ ನೋಡಿದೆ. ನರೆತ ಗಡ್ಡ, ಹೊಟ್ಟೆ ಬಂದಿದೆ, ಕನ್ನಡಕದ ಕಾಲಿಗೆ ದಾರ ಸುತ್ತಿದೆ.

"ಏನೋ ಮರಿ," ಅಂದರು ಭಾವ. "ಬೆನ್ನು ನೋಡ್ದೆ ಪುಸ್ತಕ ಎತ್ಬೇಡ ಅಂತ ಹೇಳಿರ್ಲಿಲ್ವಾ?"

ಬೈಯಬೇಕು ಅಂತ ವರ್ಷಗಟ್ಟಲೆ ಮಾತು ಕೂಡಿಟ್ಟಿದ್ದೆ. ಬಾಯಿಗೆ ಬಂದದ್ದು ಮಾತ್ರ "ನಿಮ್ಮ ಪವರ್ ಬದಲಾಗಿದೆ ಭಾವ, ಪುಸ್ತಕ ತುಂಬ ಹತ್ರ ಹಿಡೀತಿದೀರ."

"ಗೊತ್ತು. ಯಾವ ವರ್ಷದ ಪ್ರಿಂಟು ಅನ್ನೋದೇ ಕಾಣಲ್ಲ ಈಗ." ಸ್ಟೂಲ್ ಎಳೆದು ಕೂರಿಸಿಕೊಂಡರು. ಈ ಊರಿನಲ್ಲೇ ಹಳೇ ಪುಸ್ತಕದ ಅಂಗಡಿಯಂತೆ. ಒಬ್ಬರೇ. "ಆ ಹದಿನೇಳು ಇನ್ನೂ ಸಿಕ್ಕಿಲ್ಲ ತಾನೇ ನಿಂಗೆ? ಇಲ್ಲಿ ತಂದಿಲ್ಲ, ಅಂಗಡೀಲಿದೆ. ಅಂಗಡಿ ಮೇಲೊಂದು ರೂಮೂ ಇದೆ, ಕಿಟಕಿ ದೊಡ್ಡದು. ಬಂದ್ಬಿಡು. ನನ್ ಕಣ್ಣು ಇನ್ನು ನಡೆಯಲ್ಲ."

"ಅಕ್ಕ?"

"ನಿಮ್ಮಕ್ಕ ಕೆಟ್ಟವಳಲ್ಲ ಕಣೋ. ಆದ್ರೆ ಆ ಮನೇಲಿ ನಂಗೆ ಉಸಿರು ಕಟ್ತಿತ್ತು. ನಿಂಗೆ ಹೇಗಿದೆ, ಹೇಳು."

ಅಷ್ಟರಲ್ಲಿ ಫೋನ್. "ಊಟ ಆಯ್ತಾ? ಯಾರ್ ಜೊತೆ ಇದೀಯ?"

"ಒಬ್ನೇ ಅಕ್ಕ."

ಭಾವ ಮುಖ ಆ ಕಡೆ ತಿರುಗಿಸಿಕೊಂಡರು, ಫೋನಿನೊಳಗಿಂದ ಅವಳಿಗೆ ಕಂಡುಬಿಟ್ಟೀತು ಅನ್ನುವ ಹಾಗೆ. ಆಮೇಲೆ ಮೆಲ್ಲಗೆ: "ತಿಂಗಳ ಕೊನೆ ಒಳಗೆ ಹೇಳು. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ನೋಡ್ಬೇಕು."

ಕಿಟಕಿ ದೊಡ್ಡದು ಅಂದರು. ನನ್ನ ಕೋಣೆಯ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ.

ಫೆಬ್ರವರಿ 8

"ಸಿಕ್ತಾ ನಿನ್ ಪುಸ್ತಕ?"

"ಇಲ್ಲ."

"ಒಳ್ಳೇದಾಯ್ತು."

ಫೆಬ್ರವರಿ 15, ಭಾನುವಾರ

ವಾರವಿಡೀ ಹೇಳಬೇಕು ಅಂತ. ಬಾಯಿ ತೆರೆದಾಗಲೆಲ್ಲ ಅವಳು ಬಡಿಸುತ್ತಿರುತ್ತಾಳೆ, ಇಲ್ಲವೇ ಸೂಜಿಗೆ ದಾರ ಪೋಣಿಸುತ್ತಿರುತ್ತಾಳೆ.

ಇವತ್ತು ಹೇಳುವ ಅಗತ್ಯವೇ ಬೀಳಲಿಲ್ಲ. ಅಳತೆ ಕತ್ತರಿಸಲು ಹಳೇ ಪೇಪರ್ ಹಾಸಿಕೊಂಡಿದ್ದಳು. ಅದರಲ್ಲಿ ಮೇಳದ ಫೋಟೋ. ಮೂಲೆಯಲ್ಲಿ ನಾನು, ಭಾವ, ತಲೆಗೆ ತಲೆ ತಾಗಿಸಿಕೊಂಡು. ಕಾಲರಿನ ಆಕಾರ ಬಿಡಿಸಿದಳು, ಕತ್ತರಿ ಫೋಟೋ ಪಕ್ಕಕ್ಕೆ ಬಂದಾಗ ಬಳಸಿಕೊಂಡು ಹೋದಳು.

"ದಪ್ಪ ಆಗಿದಾರೆ," ಅಂದಳು.

ಅಷ್ಟೇ. ಆಮೇಲೆ "ಊಟ ಆರೋಗುತ್ತೆ, ಬಾ."

ಕೂಗಾಡಿದ್ದರೆ ಇವತ್ತೇ ಬ್ಯಾಗ್ ತುಂಬುತ್ತಿದ್ದೆ. ನಿಜವಾಗಿ.

ಫೆಬ್ರವರಿ 21

ಕೆಲಸದಿಂದ ಬಂದಾಗ ನನ್ನ ಕೋಣೆಯಲ್ಲಿ ಬಡಗಿ. ಕಿವಿಯ ಮೇಲೆ ಪೆನ್ಸಿಲ್, ಗೋಡೆ ಅಳೆಯುತ್ತಿದ್ದಾನೆ.

"ಏನಿದು ಅಕ್ಕ?"

"ಕಪಾಟು. ಈ ಗೋಡೆ ಪೂರ್ತಿ. ಟ್ರಂಕಿನಲ್ಲಿಟ್ರೆ ನಿನ್ ಪುಸ್ತಕ ಹಾಳಾಗಲ್ವಾ?" ನನ್ನ ಮುಖ ನೋಡಲಿಲ್ಲ. ಬಡಗಿಗೆ ಹೇಳಿದಳು: "ಗಾಜಿನ ಬಾಗ್ಲು ಇಡಿ. ಧೂಳು ಬೀಳಬಾರ್ದು."

"ನಮ್ಮನೇಲಿ ತಮ್ಮಂದಿರಿಗೆ ಮೊಳೆ ಕೂಡ ಹೊಡ್ಕೊಡಲ್ಲ ನಾನು," ಅಂದ ಬಡಗಿ. "ಪುಣ್ಯ ಮಾಡಿದೀರ ಸಾರ್."

ಹೂಂ ಅಂದೆ.

ಫೆಬ್ರವರಿ 27

ಕಪಾಟು ಕೂರಿಸಿ ಹೋದರು. ನೆಲದಿಂದ ಸೂರಿನವರೆಗೆ. ಕಿಟಕಿಯ ಒಂದು ಬಾಗಿಲು ಈಗ ಪೂರ್ತಿ ತೆರೆಯುವುದಿಲ್ಲ. ವಾರ್ನಿಷ್ ವಾಸನೆಗೆ ತಲೆ ಸುತ್ತುತ್ತಿದೆ.

ಪುಸ್ತಕಗಳನ್ನು ಅಕ್ಕನೇ ಜೋಡಿಸಿದಳು. ಕೈ ತೊಳೆದು, ಒರೆಸಿಕೊಂಡು, ನಂಬರ್ ನೋಡಿ ನೋಡಿ. ಒಂದನ್ನು ಹಿಡಿದು ನೆಲದ ಮೇಲೇ ಕೂತಳು. "ಇವನ್ಯಾಕೋ ಯಾವಾಗ್ಲೂ ಅಗೀತಾನೇ ಇರ್ತಾನೆ?" ಓದುತ್ತಾ ಓದುತ್ತಾ ಕಿಸಕ್ಕನೆ ನಕ್ಕಳು. ನಕ್ಕಾಗ ಎಷ್ಟು ಚಿಕ್ಕವಳಂತೆ ಕಾಣುತ್ತಾಳೆ. ಚೆನ್ನಾಗಿದೆ ಅಕ್ಕ, ತುಂಬ ಚೆನ್ನಾಗಿದೆ ಅಂದೆ. ಸುಳ್ಳಲ್ಲ. ಅದೇ ಸಂಕಟ.

ಫೆಬ್ರವರಿ 28, ಶನಿವಾರ

ಅಂಗಡಿಯ ಹಿಂದೆ ನಿಂತು ಭಾವನಿಗೆ ಫೋನ್ ಮಾಡಿದೆ. ಮುಂದಿನ ತಿಂಗಳು ನೋಡೋಣ, ಮನೆಯಲ್ಲಿ ಸ್ವಲ್ಪ ಕೆಲಸ, ಹಾಗೆ ಹೀಗೆ ಅಂತ ತೊದಲಿದೆ.

ಭಾವ ಕೇಳಿದರು: "ಕಪಾಟು ಮಾಡಿಸಿದ್ಲಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ನಂಗೂ ಮಾಡಿಸಿದ್ಲು. ನೀನಾಗ ಹಾಸ್ಟೆಲ್‌ನಲ್ಲಿದ್ದೆ, ನೋಡಿಲ್ಲ; ನಾನು ಹೋದ್ಮೇಲೆ ಅದನ್ನೂ ಮಾರಿರ್ಬೇಕು. ಪ್ರೀತಿಯಿಂದಾನೇ ಮಾಡಿಸಿದ್ಲು ಕಣೋ. ಅದಕ್ಕೇ ಹೊರಡೋಕೆ ಅಷ್ಟು ದಿನ ಹಿಡೀತು." ಕೆಮ್ಮಿದರು. "ನಾಳೆ ಒಂದಿನ ಕಾಯ್ತೀನಿ. ಹನ್ನೊಂದಕ್ಕೆ ಬಸ್ಸಿದೆ ಅಲ್ಲಿಂದ."

ಮಾರ್ಚ್ 1, ಭಾನುವಾರ

ಹೇಳಿದೆ. ಟೀ ಕುಡಿಯುವಾಗ, ಒಂದೇ ಉಸಿರಿಗೆ. ಭಾವ ಕರೆದಿದ್ದಾರೆ, ಹೋಗಬೇಕು ಅಂತಿದೀನಿ.

"ಹೋಗು," ಅಂದಳು. ಲೋಟ ತೊಳೆದು ಬೋರಲು ಹಾಕಿದಳು. "ಪುಸ್ತಕ ಇಲ್ಲೇ ಇರ್ಲಿ. ಅಷ್ಟು ದೂರ ಹೊತ್ರೆ ಮೂಲೆ ಮಡಚುತ್ತೆ. ನಾನು ನೋಡ್ಕೋತೀನಿ."

ಬ್ಯಾಗಿಗೆ ಅಂಗಿ ಹಾಕಿದೆ. ಮಂಚದ ಮೇಲೆ ಕೂತಿದ್ದೇನೆ. ಹೊಲಿಗೆ ಮೆಷಿನ್ ನಿಂತಿದೆ. ಗೊತ್ತು, ಕಾಲು ಹಾಗೇ ಇಟ್ಟುಕೊಂಡು ಕಿವಿಗೊಟ್ಟು ಕೂತಿದ್ದಾಳೆ, ನಾನು ಏಳುತ್ತೇನಾ ಅಂತ.

ಏಳಬೇಕು. ಚಪ್ಪಲಿ ಹಾಕಿಕೊಂಡರೆ ಮುಗಿಯಿತು.

ಹನ್ನೊಂದು ದಾಟಿತು.

ಮೆಷಿನ್ ಮತ್ತೆ ಶುರುವಾಯಿತು. "ಏನು ಅಡಿಗೆ ಮಾಡ್ಲಿ?" ಅಂತ ಕೇಳುತ್ತಿದ್ದಾಳೆ.

ಮುಂದಿನ ಭಾನುವಾರ ಖಂಡಿತ ಹೋಗಿ, ಹದಿನೇಳನ್ನಾದರೂ ತರಬೇಕು.