ಎರಡೂ ಪ್ಲಗ್ಗಿಗೆ ಅರಿಶಿನ ಕುಂಕುಮ

ಪ್ರೀತಿಯ ಕಲಾ ಚಿಕ್ಕಮ್ಮನಿಗೆ, ನಿನ್ನ ಪುಕ್ಕಲಿ ರಂಜಿನಿಯ ನಮಸ್ಕಾರ.

ಕಾಮಾಕ್ಷಿಪಾಳ್ಯದಿಂದ ಲಗ್ಗೆರೆ ಏನು ಮಹಾ ದೂರ, ಕೈಯಲ್ಲಿ ಫೋನಿದೆ, ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತೀಯ. ಫೋನಿನಲ್ಲಿ ಹೇಳಿದರೂ ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನೀನು ನಕ್ಕರೆ ನನ್ನ ಭಯ ನನಗೇ ಸಣ್ಣದಾಗಿ ಕಾಣುತ್ತದೆ. ಈ ಸಲ ಅದು ಸಣ್ಣದಾಗುವುದು ನನಗೆ ಬೇಡ.

ಸೋಮವಾರ ನಿಮ್ಮ ಗಾರ್ಮೆಂಟ್ಸಿಗೆ ಬರುವ ಜೇಬು ಹೊಲಿಯುವ ಹೊಸ ಮಷೀನಿಗೆ ನೀನೇ ಕೂರುವವಳು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ಆ ಮಷೀನು ತಯಾರಾಗಿದ್ದು ನಮ್ಮ ಶೆಡ್ಡಿನಲ್ಲಿ, ಅದಕ್ಕೆ ವೈರು ಎಳೆದವಳು ನಾನು. ಅದರಲ್ಲಿ ಹೇಳಿದಷ್ಟೇ ತಿರುಗಿ ನಿಲ್ಲುವ ಎರಡು ಸರ್ವೋ ಮೋಟರುಗಳಿವೆ. ಒಂದು ಬಟ್ಟೆ ಹಾಸುವ ತಟ್ಟೆಯನ್ನು ಸರಿಸುತ್ತದೆ, ಇನ್ನೊಂದು ಜೇಬಿನ ಬಾಯಿ ಕತ್ತರಿಸುವ ಕತ್ತಿಯನ್ನು ಇಳಿಸುತ್ತದೆ. ಅವುಗಳಿಗೆ ಕರೆಂಟು ಒಯ್ಯುವ ಕೇಬಲ್ಲನ್ನೂ ಅದರ ತುದಿಯ ಪ್ಲಗ್ಗನ್ನೂ ಆರಿಸುವುದು ನನ್ನ ಕೆಲಸ. ಕೇಬಲ್ಲಿನ ವಿಷಯದಲ್ಲಿ ಹಟ ಹಿಡಿದು ಗೆದ್ದೆ. ಮೋಟರು ಎದ್ದು ಹೊರಡುವಾಗ ಎಷ್ಟೋ ಹೆಚ್ಚು ಕರೆಂಟು ಎಳೆಯುತ್ತದೆ, ಅದಕ್ಕೆ ದಪ್ಪ ತಾಮ್ರ ಬೇಕು. ದಿನವಿಡೀ ತಟ್ಟೆಯ ಜೊತೆ ಮಡಚಿ ಬಿಚ್ಚುವುದಕ್ಕೆ ಒಳಗೆ ನೂಲಿನಂಥ ಎಳೆಗಳೂ ಬೇಕು. ಮನೆ ವೈರಿಂಗಿನ ವೈರು ಹಾಕಿದರೆ ಮೇಲೆ ಚೆನ್ನಾಗಿಯೇ ಕಂಡು ಒಳಗೆ ಕಡಿದುಹೋಗಿರುತ್ತದೆ.

ಪ್ಲಗ್ಗಿನ ವಿಷಯದಲ್ಲಿ ಸೋತೆ. ನಮ್ಮ ಓನರ್ ಶಿವಬಸಪ್ಪನವರು, "ಎರಡಕ್ಕೂ ಒಂದೇ ಥರದ್ದು ಹಾಕಮ್ಮ, ಒಂದು ಸ್ಪೇರ್ ಇಟ್ಕೊಂಡ್ರೆ ಯಾವುದಕ್ಕಾದ್ರೂ ಆಗತ್ತೆ" ಅಂದರು. ಗೊಣಗಿದರೂ ಕೇಳಲಿಲ್ಲ. ಗುರುತಿಗೆಂದು ಕತ್ತಿಯ ಪ್ಲಗ್ಗಿಗೂ ಸಾಕೆಟ್ಟಿಗೂ ಕೆಂಪು ಚುಕ್ಕೆ, ತಟ್ಟೆಯದಕ್ಕೆ ಹಳದಿ ಚುಕ್ಕೆ ಇಟ್ಟೆ.

ನಿನ್ನೆ ಮಷೀನಿಗೆ ಪೂಜೆ ಇತ್ತು. ಒರೆಸಲೆಂದು ಪ್ಲಗ್ಗುಗಳನ್ನು ಬಿಚ್ಚಿಟ್ಟಿದ್ದೆವು. ಶಿವಬಸಪ್ಪನವರ ಭಕ್ತಿ ನಿನಗೆ ಗೊತ್ತಿಲ್ಲ, ಪೂಜೆ ಅಂದರೆ ಸ್ಕ್ರೂಡ್ರೈವರನ್ನೂ ಬಿಡುವವರಲ್ಲ. ಎರಡೂ ಪ್ಲಗ್ಗಿಗೆ, ಎರಡೂ ಸಾಕೆಟ್ಟಿಗೆ ಅರಿಶಿನ ಬಳಿದು ಕುಂಕುಮ ಇಟ್ಟರು. ಈಗ ಎಲ್ಲವೂ ಕೆಂಪು, ಎಲ್ಲವೂ ಹಳದಿ. ನಾನು ಪ್ರಸಾದ ಹಂಚುತ್ತಿದ್ದಾಗ ಅವರೇ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದರು. ತಟ್ಟೆ ಸರಿಯಬೇಕಿತ್ತು. ಕತ್ತಿ ಇಳಿಯಿತು. ಪ್ಲಗ್ಗು ಅದಲುಬದಲಾಗಿತ್ತು ಚಿಕ್ಕಮ್ಮ! ತಟ್ಟೆಯ ಕರೆಂಟು ಕತ್ತಿಗೆ ಹೋಗುತ್ತಿತ್ತು, ತಟ್ಟೆ ಇನ್ನೂ ಕದಲಲಿಲ್ಲವೆಂದು ಮಷೀನು ಇನ್ನಷ್ಟು, ಮತ್ತಷ್ಟು ಕರೆಂಟು ಕೊಡುತ್ತಿತ್ತು. ಪೂಜೆಗೆಂದು ಕತ್ತಿಯ ಕೆಳಗಿಟ್ಟಿದ್ದ ನಿಂಬೆಹಣ್ಣು ಎರಡು ಹೋಳಾಯಿತು. ಅಲ್ಲಿಗೂ ಕತ್ತಿ ನಿಲ್ಲದೆ ತಟ್ಟೆಯ ತಗಡು ಬಗ್ಗಿತು.

"ದೃಷ್ಟಿ ಹೋಯ್ತು ಬಿಡಿ ಸಾರ್" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನನಗೆ ಕಂಡದ್ದು ನಿನ್ನ ಕೈ. ನಿನಗೆ ಸುಕ್ಕು ಕಂಡರಾಗುವುದಿಲ್ಲ. ಹಾಸಿಗೆಯಾಗಲಿ, ಸೀರೆಯ ನೆರಿಗೆಯಾಗಲಿ, ಅಂಗೈ ಇಟ್ಟು ಸವರದೆ ಬಿಡುವವಳಲ್ಲ. ಅಮ್ಮ ಹೋದ ಮೇಲೆ ನನ್ನ ಯೂನಿಫಾರ್ಮನ್ನೂ ಹಾಗೆಯೇ ಸವರಿ ಸ್ಕೂಲಿಗೆ ಕಳಿಸುತ್ತಿದ್ದೆ. ಬಟ್ಟೆ ಸವರುತ್ತ ಆ ಕೈ ಆ ತಗಡಿನ ಮೇಲಿದ್ದಿದ್ದರೆ? ನಿಮ್ಮಲ್ಲಿ ನೂಲಿನ ಧೂಳು ತೆಗೆಯಲು ಆಗಾಗ ಪ್ಲಗ್ಗು ಬಿಚ್ಚುತ್ತಾರೆ, ಆಯುಧಪೂಜೆಯಂತೂ ಬಂದೇ ಬರುತ್ತದೆ.

ನನ್ನ ಮುಖ ನೋಡಿ ಶಿವಬಸಪ್ಪನವರು, "ನಿಮ್ಮ ಚಿಕ್ಕಮ್ಮನ್ನ ಬೇರೆ ಮಷೀನಿಗೆ ಹಾಕಿ ಅಂತ ಗಾರ್ಮೆಂಟ್ಸಿನವ್ರಿಗೆ ನಾನೇ ಹೇಳ್ತೀನಿ, ಅಳ್ಬೇಡ" ಅಂದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಕೇಳಿದೆ, "ಹಾಗಾದ್ರೆ ಅಲ್ಲಿ ಯಾರು ಕೂತ್ಕೋತಾರೆ ಸಾರ್?"

"ಯಾರೋ ಒಬ್ರು ಕೂತ್ಕೋತಾರಮ್ಮ."

ಆ ಯಾರೋ ಒಬ್ಬಳ ಮನೆಯಲ್ಲೂ ಹೀಗೆ ಹೆದರುವವರು ಇರುತ್ತಾರಲ್ಲವೇ? ಕಟ್ಟರ್ ತೆಗೆದುಕೊಂಡು ಕತ್ತಿಯ ಪ್ಲಗ್ಗನ್ನು ಕೇಬಲ್ಲಿನಿಂದ ಕತ್ತರಿಸಿ ಹಾಕಿಬಿಟ್ಟೆ. ಅವರು ಬಾಯಿಗೆ ಬಂದಂತೆ ಬೈದರು. ಬೈದು ಬೈದು, ಬಗ್ಗಿದ ತಗಡಿನ ಮೇಲೆ ಕಣ್ಣು ಬಿದ್ದಾಗ ಬೇರೆ ಪ್ಲಗ್ಗಿಗೆ ದುಡ್ಡು ತೆಗೆದುಕೊಟ್ಟರು. ಇವತ್ತು ಕತ್ತಿಗೆ ಬೇರೆಯೇ ಆಕಾರದ, ತಿರುಗಿಸಿ ಬಿಗಿಯುವ ಪ್ಲಗ್ಗನ್ನೂ ಅದಕ್ಕೊಪ್ಪುವ ಸಾಕೆಟ್ಟನ್ನೂ ಹಾಕಿದ್ದೇನೆ. ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಇಷ್ಟಾದರೂ ನನ್ನ ಭಯ ಹೋಗಿಲ್ಲ.

ಸೋಮವಾರ ನಾನೂ ಬರುತ್ತೇನೆ. ನಿನ್ನೆದುರಿಗೇ ಎರಡನ್ನೂ ಬಿಚ್ಚಿ, ತಪ್ಪು ಜಾಗಕ್ಕೆ ಹಾಕಲು ಕೈಲಾದಷ್ಟು ಒತ್ತಿ ನೋಡುತ್ತೇನೆ, ನೀನೂ ಒತ್ತಿ ನೋಡು. ಹೋಗಲಿಲ್ಲವೆಂದರೆ, ಮೊದಲ ಬಟ್ಟೆಯನ್ನು ಕತ್ತಿಯ ಕೆಳಗೆ ನಾನು ಹಾಸುತ್ತೇನೆ. ನೀನು ಪಕ್ಕದಲ್ಲಿ ನಿಂತು ನೋಡಬೇಕು. ಆಗ ನಿನ್ನ ಬಾಯಿಂದ "ಕೈ ತೆಗಿಯೇ ರಂಜಿ" ಎಂದು ತಾನಾಗಿ ಬಂದರೆ, ಈ ಕಾಗದ ನಿನಗೆ ಮುಟ್ಟಿತು ಎಂದುಕೊಳ್ಳುತ್ತೇನೆ.

ನಿನ್ನ ಹತ್ತು ಬೆರಳೂ ತಣ್ಣಗಿರಲಿ.

ನಿನ್ನ ಕೈಯಲ್ಲೇ ಬೆಳೆದ,
ರಂಜಿನಿ